ನಮ್ಮ ತರಗತಿಯ ಸೆಕೆಂಡ್ ಲೆಫ್ಟಿನೆಂಟ್

ಶಾಲೆಯ ಸಭಾಂಗಣದ ಫಲಕದಲ್ಲಿರುವ ಹೆಸರನ್ನು ನಾನಿಲ್ಲಿ ಮತ್ತೆ ಬರೆಯಬೇಕಾಗಿಲ್ಲ. ಬಸವನಗುಡಿಯ ಈ ಶಾಲೆಯಲ್ಲಿ ಓದಿದವರೆಲ್ಲರಿಗೂ ಅದು ಗೊತ್ತು. 1971ರ ಡಿಸೆಂಬರ್ ಯುದ್ಧದಲ್ಲಿ ಮಡಿದ ಸೆಕೆಂಡ್ ಲೆಫ್ಟಿನೆಂಟ್ ಎಂಬುದಷ್ಟೇ ಆ ಫಲಕ ತಿಳಿಸುವ ಸಂಗತಿ. 1966ರಲ್ಲಿ ಅವನ ಜೊತೆಗೆ ಎಸ್.ಎಸ್.ಎಲ್.ಸಿ. ಮುಗಿಸಿದವರಲ್ಲಿ ನಾನೊಬ್ಬ. ಫಲಕದಲ್ಲಿ ಇಲ್ಲದ್ದನ್ನು ಬರೆದುಕೊಡಿ ಎಂದು ಸಂಪಾದಕರು ಕೇಳಿದ್ದಾರೆ.

ವಾರ್ಷಿಕೋತ್ಸವಕ್ಕೆ ಬರುವ ಅತಿಥಿಗಳು ಅವನನ್ನು ಹುಟ್ಟು ವೀರನೆಂದೂ ಸಿಂಹವೆಂದೂ ಹೊಗಳುವಾಗ ನನಗೆ ಮುಜುಗರವಾಗುತ್ತದೆ. ಅವನು ಸಣಕಲು ದೇಹದ, ಮೆಲುದನಿಯ ಹುಡುಗ. ಜಗಳವಾದರೆ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದ, ಓಟದ ಸ್ಪರ್ಧೆಯಲ್ಲಿ ಕೊನೆಯವರ ಪೈಕಿ ಇರುತ್ತಿದ್ದ. ಆದರೆ ಜ್ಯಾಮಿತಿಯ ಲೆಕ್ಕವೊಂದನ್ನು ಬಿಡಿಸಿದ ಮೇಲೆ, ಉತ್ತರದಿಂದ ಹಿಂದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಬಂದು ಎಲ್ಲವನ್ನೂ ಇನ್ನೊಮ್ಮೆ ಪರೀಕ್ಷಿಸದೆ ಪುಸ್ತಕ ಮುಚ್ಚುತ್ತಿರಲಿಲ್ಲ. ಗಣಿತದ ಮೇಷ್ಟ್ರು ಬೇಸತ್ತು, "ಸಾಕು ಕೊಡಪ್ಪಾ, ಸರಿಯಾಗೇ ಇರುತ್ತೆ" ಎಂದು ಕಾಗದವನ್ನು ಕೈಯಿಂದ ಎಳೆದುಕೊಳ್ಳುತ್ತಿದ್ದರು.

ಚರಿತ್ರೆಯ ಮೇಷ್ಟ್ರು ನಮ್ಮನ್ನು ಒಮ್ಮೆ ಬೇಗೂರಿನ ನಾಗೇಶ್ವರ ದೇವಸ್ಥಾನಕ್ಕೆ ಕರೆದೊಯ್ದಿದ್ದರು. ಸುಮಾರು ಕ್ರಿ.ಶ. 890ರದೆಂದು ಹೇಳುವ ಅಲ್ಲಿನ ಶಾಸನದಲ್ಲಿ ಬೆಂಗಳೂರಿನ ಕಾಳಗವೊಂದರಲ್ಲಿ ಬುಟ್ಟಣಶೆಟ್ಟಿ ಎಂಬಾತ ಸತ್ತ ವಿಷಯವಿದೆ. ನಮ್ಮ ಊರಿನ ಹೆಸರು ಸಿಗುವ ಅತ್ಯಂತ ಹಳೆಯ ದಾಖಲೆ ಅದೇ. ಉಳಿದವರೆಲ್ಲ ಕೆರೆಯ ಏರಿಯ ಮೇಲೆ ಬುತ್ತಿ ಬಿಚ್ಚಿದ್ದಾಗ ಅವನು ಸವೆದ ಅಕ್ಷರಗಳನ್ನು ನೋಟುಪುಸ್ತಕಕ್ಕೆ ಇಳಿಸಿಕೊಳ್ಳುತ್ತಾ ಕುಳಿತಿದ್ದ. ಕಾಳಗ ಯಾರ ನಡುವೆ ನಡೆಯಿತು, ಯಾರು ಗೆದ್ದರು ಎಂದು ನಾವು ಕೇಳಿದೆವು. ಸತ್ತವನಿಗೆ ವಯಸ್ಸೆಷ್ಟಿತ್ತು ಎಂದು ಕೇಳಿದವನು ಅವನೊಬ್ಬನೇ. ಇದರಲ್ಲಿ ಮುನ್ಸೂಚನೆಯನ್ನೇನೂ ನಾನು ಹುಡುಕುತ್ತಿಲ್ಲ. ಅವನ ಪ್ರಶ್ನೆಗಳೇ ಹಾಗಿರುತ್ತಿದ್ದವು.

ಪಿ.ಯು.ಸಿ. ಮುಗಿಸಿ 1967ರಲ್ಲಿ ಅವನು ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಹೊರಟಾಗ ನಮಗೆಲ್ಲ ಆಶ್ಚರ್ಯವಾಯಿತು. ಮನೆಯಲ್ಲಿ ವಿರೋಧವಿತ್ತು. ಆದರೆ ಹಲಸೂರು ಕೆರೆಯ ಬಳಿ ಮದ್ರಾಸ್ ಸ್ಯಾಪರ್ಸ್ ಎಂಬ ಸೇನಾ ಎಂಜಿನಿಯರುಗಳ ಪಡೆಯ ಕೇಂದ್ರದ ಹತ್ತಿರ ವಾಸವಿದ್ದ ಅವನ ಸೋದರಮಾವನ ಮನೆಗೆ ರಜೆಯಲ್ಲಿ ಹೋಗುತ್ತಿದ್ದಾಗ, ಸೇತುವೆ ಕಟ್ಟುವ, ರಸ್ತೆ ಮಾಡುವ ಸೈನಿಕರನ್ನು ಕುರಿತು ಕೇಳಿ ತಿಳಿದಿದ್ದ. ಸೇನೆಗೆ ಸೇರಿದರೆ ಎಂಜಿನಿಯರುಗಳ ಪಡೆಗೇ ಸೇರುವುದೆಂದು ಆಗಲೇ ನಿಶ್ಚಯಿಸಿದ್ದ. ಡೆಹ್ರಾಡೂನಿನಲ್ಲಿ ತರಬೇತಿ ಮುಗಿದು 1971ರ ಜೂನ್‌ನಲ್ಲಿ ಅವನಿಗೆ ಸೇನಾಧಿಕಾರಿಯಾಗಿ ಕಮಿಷನ್ ಸಿಕ್ಕಿತು; ಆರು ತಿಂಗಳಲ್ಲಿ ಯುದ್ಧ ಬಂತು.

ಸ್ಯಾಪರುಗಳ ಕೆಲಸವೇನೆಂದು ನಮ್ಮ ಭಾಷಣಕಾರರಿಗೆ ಗೊತ್ತಿದ್ದರೆ ಸಿಂಹದ ಮಾತು ಬರುತ್ತಿರಲಿಲ್ಲವೇನೋ. ಪಶ್ಚಿಮ ಗಡಿಯ ಶಕರ್‌ಗಢ ವಲಯದಲ್ಲಿ ಪಾಕಿಸ್ತಾನದ ಸೇನೆ ಬಸಂತರ್ ನದಿಯ ಸುತ್ತ ನೆಲಬಾಂಬುಗಳನ್ನು ನೂರಾರು ಗಜ ಅಗಲಕ್ಕೆ ಹರಡಿತ್ತು. ಟ್ಯಾಂಕುಗಳು ಮುಂದೆ ಹೋಗಬೇಕಾದರೆ ಅವುಗಳ ನಡುವೆ ಮೊದಲು ಓಣಿಯೊಂದನ್ನು ತೆರೆಯಬೇಕು. ಇದು ರಾತ್ರಿ, ಶೆಲ್ಲುಗಳು ಬೀಳುತ್ತಿರುವಾಗ ಮಾಡುವ ಕೆಲಸ. ಯಂತ್ರ ಹೋಗದ ಕಡೆ ಸರಳನ್ನು ಓರೆಯಾಗಿ ನೆಲಕ್ಕೆ ಮೆಲ್ಲಗೆ ಚುಚ್ಚುತ್ತಾ, ಗಟ್ಟಿಯಾದುದು ತಾಗಿದರೆ ಬೆರಳಿನಿಂದ ಮಣ್ಣು ಸರಿಸಿ, ತೆರವಾದ ಜಾಗಕ್ಕೆ ಬಿಳಿಯ ಪಟ್ಟಿ ಕಟ್ಟುತ್ತಾ ಸಾಗಬೇಕು. ಟ್ಯಾಂಕಿಗೆಂದು ಹೂತಿಟ್ಟ ದೊಡ್ಡ ಬಾಂಬು ಮನುಷ್ಯನ ಭಾರಕ್ಕೆ ಸಾಮಾನ್ಯವಾಗಿ ಸಿಡಿಯುವುದಿಲ್ಲ. ಅದರ ಸುತ್ತ ಇಟ್ಟಿರುವ ಚಿಕ್ಕವು ಸಿಡಿಯುತ್ತವೆ. ಅಂಥ ಕಡೆ ಬೇಕಾದುದು ಒಮ್ಮೆ ನೋಡಿದ್ದನ್ನು ಇನ್ನೊಮ್ಮೆ ನೋಡುವ ಬುದ್ಧಿ. ಡಿಸೆಂಬರ್ 15ರ ರಾತ್ರಿ ಅಂಥದ್ದೇ ಓಣಿಯೊಂದನ್ನು ತೆರೆಯುವಾಗ ಅವನು ಶೆಲ್ ದಾಳಿಗೆ ಸಿಕ್ಕಿದ. ಆ ರಾತ್ರಿ ಬಸಂತರ್‌ನಲ್ಲಿ ಓಣಿ ಪೂರ್ತಿ ತೆರವಾಗುವ ಮೊದಲೇ ಪೂನಾ ಹಾರ್ಸ್ ದಳದ ಟ್ಯಾಂಕುಗಳು ನುಗ್ಗಿದವು. ಮರುದಿನದ ಕಾದಾಟದಲ್ಲಿ ಅದೇ ದಳದ ಅರುಣ್ ಖೇತರ್‌ಪಾಲ್ ಮಡಿದರು. ಅವರಿಗೂ ಇಪ್ಪತ್ತೊಂದೇ ವರ್ಷ. ಮರಣೋತ್ತರವಾಗಿ ಪರಮವೀರ ಚಕ್ರ ಬಂತು. ನಮ್ಮವನಿಗೆ ಪದಕವೇನೂ ಬರಲಿಲ್ಲ.

16ರಂದು ಢಾಕಾದಲ್ಲಿ ಶರಣಾಗತಿ, 17ರ ರಾತ್ರಿ ಕದನವಿರಾಮ. ಗಾಂಧಿ ಬಜಾರಿನಲ್ಲಿ ಸಿಹಿ ಹಂಚುತ್ತಿದ್ದ ದಿನಗಳಲ್ಲೇ ಅವನ ಮನೆಗೆ ತಂತಿ ಬಂತು. ಕಾರ್ಗಿಲ್ ಯುದ್ಧದ ನಂತರದವರಿಗೆ ಇದು ವಿಚಿತ್ರವೆನಿಸಬಹುದು: ಆಗೆಲ್ಲ ಯೋಧರ ದೇಹವನ್ನು ಊರಿಗೆ ತರುತ್ತಿರಲಿಲ್ಲ, ರಣರಂಗದ ಸಮೀಪವೇ ಸಂಸ್ಕಾರ ಮುಗಿಯುತ್ತಿತ್ತು. ಆದ್ದರಿಂದ ಮೆರವಣಿಗೆಯಾಗಲಿ ಕುಶಾಲುತೋಪಾಗಲಿ ಬೆಂಗಳೂರಿನಲ್ಲಿ ನಡೆಯಲಿಲ್ಲ. ಕೆಲವು ವಾರಗಳ ಬಳಿಕ ಅವನ ಕಪ್ಪು ಟ್ರಂಕು ಬಂತು. ಅವನ ತಾಯಿ ಬಹಳ ವರ್ಷ ಅದಕ್ಕೆ ಬೀಗ ಹಾಕಲು ಬಿಡಲಿಲ್ಲ, ತೆರೆಯಲೂ ಬಿಡಲಿಲ್ಲ. ಊರಿನಲ್ಲಿ ಅವನಿಗಾಗಿ ಜನ ಸೇರಿದ್ದು ನಮ್ಮ ಶಾಲೆಯ ಅಂಗಳದಲ್ಲಿ ಮಾತ್ರ.

ಅಂದು ಹಳೆಯ ವಿದ್ಯಾರ್ಥಿಗಳು ಚಂದಾ ಎತ್ತಿ ಅವನ ಹೆಸರಿನಲ್ಲಿ ಒಂದು ಬೆಳ್ಳಿಯ ಬಟ್ಟಲನ್ನಿಟ್ಟರು. ಸೈನಿಕನೆಂದರೆ ದೇಹಬಲ ಎಂಬ ಎಣಿಕೆಯಿಂದಲೋ ಏನೋ, ಅದು ಇಂದಿಗೂ ನೂರು ಮೀಟರ್ ಓಟದಲ್ಲಿ ಗೆದ್ದವರಿಗೆ ಹೋಗುತ್ತಿದೆ. ಅವನಿದ್ದಿದ್ದರೆ ನಗುತ್ತಿದ್ದ. ಮುಂದಿನ ವರ್ಷದಿಂದ ಅದನ್ನು ಹತ್ತನೆಯ ತರಗತಿಯಲ್ಲಿ ಅತ್ಯಂತ ಅಚ್ಚುಕಟ್ಟಾಗಿ ಜ್ಯಾಮಿತಿ ಬಿಡಿಸುವ ವಿದ್ಯಾರ್ಥಿಗೆ ಕೊಡಬೇಕೆಂದು ನಮ್ಮ ತರಗತಿಯವರೆಲ್ಲ ಸಹಿ ಮಾಡಿ ಮುಖ್ಯೋಪಾಧ್ಯಾಯರಿಗೆ ಪತ್ರ ಕೊಟ್ಟಿದ್ದೇವೆ. ಓಟಗಾರರಿಗೆ ಬೇರೆ ಬಟ್ಟಲನ್ನು ನಾವೇ ಮಾಡಿಸಿಕೊಡುತ್ತೇವೆ.