ವಾಟರ್ ವಾಶ್ ಗುಂಡಿ ತೆಗೆದ ಭಾನುವಾರ

2024ರ ಮಾರ್ಚ್ ತಿಂಗಳು ಬೆಂಗಳೂರಿನಲ್ಲಿ ಇದ್ದವರಿಗೆಲ್ಲ ನೆನಪಿರುತ್ತದೆ. ಬೋರ್‌ವೆಲ್‌ಗಳು ಒಂದೊಂದಾಗಿ ಕೈಕೊಟ್ಟವು. ಟ್ಯಾಂಕರ್‌ನವರು ಫೋನೇ ಎತ್ತುತ್ತಿರಲಿಲ್ಲ. ಕುಡಿಯುವ ನೀರಿನಲ್ಲಿ ಗಾಡಿ ತೊಳೆದರೆ 5,000 ರೂಪಾಯಿ ದಂಡ, ಆಮೇಲೂ ಬಿಡದಿದ್ದರೆ ದಿನಕ್ಕೆ ಇನ್ನೂ 500 ಎಂದು ಜಲಮಂಡಳಿ ಆದೇಶ ಹೊರಡಿಸಿದ್ದು ಆಗಲೇ.

ನಮ್ಮ ಭಾವ ಕೆಂಗೇರಿ ಕಡೆ ಒಂದು ಸಣ್ಣ ವಾಟರ್ ವಾಶ್ ನಡೆಸುತ್ತಾರೆ. ಎರಡು ರ‍್ಯಾಂಪು, ಮೇಲೊಂದು ಶೀಟಿನ ಶೆಡ್ಡು, ಕೆಲಸಕ್ಕೆ ನಾಲ್ಕು ಜನ ಹುಡುಗರು. ಕಾವೇರಿ ಸಂಪರ್ಕ ಅವರಿಗೆ ಇಲ್ಲವೇ ಇಲ್ಲ, ಬೋರ್ ನೀರೇ ಗತಿ. ಆದರೂ ದಾರಿಯಲ್ಲಿ ಹೋಗುವವರು ಗಾಡಿ ನಿಲ್ಲಿಸಿ ಬೈದು ಹೋಗುತ್ತಿದ್ದರಂತೆ. "ನಮಗೆ ಕುಡಿಯೋಕೆ ನೀರಿಲ್ಲ, ನೀವಿಲ್ಲಿ ಕಾರಿಗೆ ಸ್ನಾನ ಮಾಡಿಸ್ತಿದ್ದೀರಾ?" ಭಾವನಿಗೆ ಅದು ತುಂಬಾ ನೋವಾಗಿತ್ತು. ಅವರ ಬೋರೂ ಆ ತಿಂಗಳ ಕೊನೆಗೆ ಬತ್ತಿತು.

ನಾನು ಒಂದು ಅಪಾರ್ಟ್‌ಮೆಂಟಿನಲ್ಲಿ ಎಸ್‌ಟಿಪಿ ನೋಡಿಕೊಳ್ಳುತ್ತೇನೆ. ಮನೆಗಳಿಂದ ಬರುವ ಕೊಳಚೆ ನೀರನ್ನು ಶುದ್ಧ ಮಾಡಿ ಫ್ಲಶ್‌ಗೂ ಗಿಡಗಳಿಗೂ ಬಿಡುವ ಕೆಲಸ. ಭಾವ ಫೋನ್ ಮಾಡಿ, "ನಿಮ್ಮಲ್ಲಿ ಟ್ರೀಟ್ ಮಾಡಿದ ನೀರು ಮಿಕ್ಕಿದ್ದು ಸುಮ್ನೆ ಮೋರಿಗೆ ಹೋಗುತ್ತಲ್ಲ, ಅದನ್ನ ನಂಗೆ ಕೊಡ್ಸಪ್ಪ" ಅಂದರು. ಇಂಥ ನೀರಿನಲ್ಲಿ ಅರ್ಧದಷ್ಟನ್ನು ಅಪಾರ್ಟ್‌ಮೆಂಟಿನವರು ಹೊರಗೆ ಮಾರಬಹುದು ಎಂದು ಸರ್ಕಾರ ಆಗಷ್ಟೇ ಹೇಳಿತ್ತು. ಅಸೋಸಿಯೇಶನ್‌ನವರು ಒಪ್ಪಿದರು. ಸಣ್ಣ ಟ್ಯಾಂಕರಿನಲ್ಲಿ ನೀರು ಹೋಗತೊಡಗಿತು.

ಒಳಗೆ ಬರುವ ನೀರಿನ ಚಿಂತೆ ಹೀಗೆ ತೀರಿತು. ಹೊರಗೆ ಹೋಗುವ ನೀರಿನ ಬಗ್ಗೆ ಮಾತ್ರ ಯಾರೂ ಕೇಳಿರಲಿಲ್ಲ. ದಂಡ ಹಾಕುವವರೂ ಕೇಳಲಿಲ್ಲ, ಬೈದು ಹೋದವರೂ ಕೇಳಲಿಲ್ಲ. ಒಂದು ಶನಿವಾರ ಸಂಜೆ ಶೆಡ್ಡಿನಲ್ಲಿ ನೀರು ಕಟ್ಟಿಕೊಂಡು ನಿಂತಾಗಲೇ ಆ ಮಾತು ಬಂದಿದ್ದು. "ನಾಳೆ ಸ್ವಲ್ಪ ಬಂದು ನೋಡು" ಅಂದರು ಭಾವ.

ಭಾನುವಾರ ಬೆಳಗ್ಗೆ ಅಂಗಡಿಗೆ ರಜೆ ಕೊಟ್ಟು ರ‍್ಯಾಂಪಿನ ಹಿಂದಿನ ಚಪ್ಪಡಿಗಳನ್ನು ಎತ್ತಿದೆವು. ಅಲ್ಲಿ ಮೂರು ಗುಂಡಿಗಳ ಸಾಲು. ಕಾರು ತೊಳೆದ ನೀರು ಮೊದಲನೇ ಗುಂಡಿಗೆ ಬಿದ್ದು ಮಣ್ಣು ಮರಳು ತಳ ಸೇರಬೇಕು. ಎರಡನೆಯದರಲ್ಲಿ ಎಣ್ಣೆ, ಗ್ರೀಸು ಮೇಲೆ ತೇಲಬೇಕು. ತಳದ ನೀರು ಮಾತ್ರ ಬಗ್ಗಿದ ಎಲ್ಬೋ ಪೈಪಿನಲ್ಲಿ ಮೂರನೆಯದಕ್ಕೆ ಹೋಗಬೇಕು. ಕಟ್ಟಿದವರು ಸರಿಯಾಗಿಯೇ ಕಟ್ಟಿದ್ದರು. ಆದರೆ ಮೊದಲ ಗುಂಡಿಯಲ್ಲಿ ಹೂಳು ಕತ್ತಿನವರೆಗೆ ಬಂದಿತ್ತು. ಕೊಳೆತ ಮೊಟ್ಟೆಯ ವಾಸನೆ. ಗಾಳಿಯಾಡದೆ ನಿಂತ ಕೊಳಕು ನೀರಿಗೆ ಆ ವಾಸನೆ ಬರುವುದು ನನ್ನ ಕೆಲಸದಲ್ಲಿ ದಿನಾ ನೋಡುವ ಸಂಗತಿ. ಎರಡನೇ ಗುಂಡಿ ನೋಡಿ ನನಗೆ ಆಶ್ಚರ್ಯವಾಯಿತು. ಮೇಲೆ ಎಣ್ಣೆಯ ಪದರವೇ ಇರಲಿಲ್ಲ. ನೀರು ಪೂರ್ತಿ ಬೂದು ಬಣ್ಣದ ಹಾಲಿನಂತಿತ್ತು. ಮೂರನೆಯದರಲ್ಲೂ ಅದೇ, ಮೋರಿಗೆ ಬೀಳುವ ಕಡೆಯೂ ಅದೇ.

ಕಾರಣ ಗೋಡೆಯ ಪಕ್ಕ ಇಟ್ಟಿದ್ದ ಕ್ಯಾನುಗಳಲ್ಲಿತ್ತು. ಒಂದರಲ್ಲಿ ಜಿಡ್ಡು ಬಿಡಿಸುವ ಕೆಮಿಕಲ್ಲು, ಇನ್ನೊಂದರಲ್ಲಿ ವಿಪರೀತ ನೊರೆ ಬರುವ ಶಾಂಪೂ, ಜೊತೆಗೆ ಚಾಸಿಸ್‌ಗೆ ಹೊಡೆಯುವ ಡೀಸೆಲ್ಲು. ಕಟುವಾದ ಸೋಪು ಎಣ್ಣೆಯನ್ನು ಸಣ್ಣ ಸಣ್ಣ ಹನಿಯಾಗಿ ಒಡೆದು ನೀರಿನಲ್ಲಿ ಕದಡಿಬಿಡುತ್ತದೆ. ಆಮೇಲೆ ಅದು ತೇಲುವುದೇ ಇಲ್ಲ, ನೀರಿನ ಜೊತೆ ಎಲ್ಬೋ ಪೈಪಿನೊಳಗೆ ನುಸುಳಿ ಆಚೆ ಹೋಗುತ್ತದೆ. ಎಷ್ಟು ಗುಂಡಿ ತೋಡಿದರೂ ಸೋಪು ಬದಲಾಗದೆ ಪ್ರಯೋಜನ ಇಲ್ಲ.

ಬಾಯಲ್ಲಿ ಹೇಳಿದರೆ ಭಾವ ನಂಬುವವರಲ್ಲ. ಎರಡು ಖಾಲಿ ನೀರಿನ ಬಾಟಲಿ ತಂದೆ. ಎರಡಕ್ಕೂ ಅರ್ಧ ನೀರು, ಒಂದೊಂದು ಚಮಚ ಹಳೇ ಎಂಜಿನ್ ಆಯಿಲ್. ಒಂದಕ್ಕೆ ಅವರದೇ ಶಾಂಪೂ ಮತ್ತು ಕೆಮಿಕಲ್ಲು ಹಾಕಿದೆ. ಇನ್ನೊಂದಕ್ಕೆ ನಾನು ತಂದಿದ್ದ, ನೊರೆ ಕಡಿಮೆ ಇರುವ, ಎಣ್ಣೆಯನ್ನು ಬೇಗ ಬಿಟ್ಟುಕೊಡುವ ಸೋಪು. ಎರಡನ್ನೂ ಕುಲುಕಿ ಕಟ್ಟೆ ಮೇಲಿಟ್ಟು ಹೂಳು ತೆಗೆಯುವ ಕೆಲಸಕ್ಕೆ ಹೋದೆವು. ಊಟ ಮುಗಿಸಿ ಬಂದು ನೋಡಿದರೆ ಎರಡನೇ ಬಾಟಲಿಯಲ್ಲಿ ಕಂದು ಎಣ್ಣೆಯ ಪದರ ಮೇಲೆ ನಿಂತಿತ್ತು, ಕೆಳಗಿನ ನೀರು ತಕ್ಕಮಟ್ಟಿಗೆ ತಿಳಿಯಾಗಿತ್ತು. ಮೊದಲನೆಯದು ಸಂಜೆಯಾದರೂ ಹಾಗೇ ಬೆಳ್ಳಗೆ ಕದಡಿಕೊಂಡಿತ್ತು. ಭಾವ ಅದನ್ನು ಬಿಸಿಲಿಗೆ ಹಿಡಿದು ತುಂಬಾ ಹೊತ್ತು ನೋಡಿದರು. "ಇದೆಲ್ಲಾ ಮೋರಿಗೆ ಹೋಗ್ತಿತ್ತಾ?" ಅಂದರು.

ಮೋರಿಯಿಂದ ರಾಜಕಾಲುವೆಗೆ, ರಾಜಕಾಲುವೆಯಿಂದ ವೃಷಭಾವತಿಗೆ. ವೃಷಭಾವತಿ ಬಿಡದಿ ಹತ್ತಿರದ ಬೈರಮಂಗಲ ಕೆರೆ ಸೇರಿ, ಮುಂದೆ ಅರ್ಕಾವತಿಗೆ ಕೂಡಿ, ಸಂಗಮದಲ್ಲಿ ಕಾವೇರಿಗೆ ಬೀಳುತ್ತದೆ. ನಮ್ಮಮ್ಮನ ತವರು ಬೈರಮಂಗಲದ ಹತ್ತಿರವೇ. ನಮ್ಮ ಮಾವ ಆ ಕೆರೆ ನೀರಲ್ಲೇ ಹಿಪ್ಪುನೇರಳೆ, ಸೀಮೆಹುಲ್ಲು ಬೆಳೆಯುತ್ತಾರೆ. ನೀರು ಕಟ್ಟಿ ಬಂದ ರಾತ್ರಿ ಕಾಲು ಕಡಿತ ಅಂತ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಕೂರುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಆ ಹೊಳೆ ಹಾಳಾಗಲು ಊರಿನ ಕೊಳಚೆ, ಫ್ಯಾಕ್ಟರಿಗಳ ನೀರು ದೊಡ್ಡ ಕಾರಣ, ನಾಲ್ಕು ವಾಟರ್ ವಾಶ್‌ಗಳಲ್ಲ. ಅದು ನಿಜ. ಆದರೆ ನಮ್ಮ ಕೈಯಲ್ಲಿರುವ ಪೈಪು ಇದೊಂದೇ ಅಲ್ವಾ? ಮಾವನ ಗದ್ದೆಗೆ ನಮ್ಮ ಭಾವನ ಡೀಸೆಲ್ಲು ಹೋಗಬಾರದು ಅಂತ ನನಗೆ ಆವತ್ತು ಬಲವಾಗಿ ಅನ್ನಿಸಿತು.

ಹೂಳು ಎತ್ತುವಾಗ ಕೊಪ್ಪಳ ಕಡೆಯ ಹುಡುಗನೊಬ್ಬ ಪಕ್ಕದಲ್ಲಿದ್ದ. ಅವನ ಬೆರಳ ತುದಿಗಳು ಬೆಳ್ಳಗಾಗಿ ಸಿಪ್ಪೆ ಎದ್ದಿದ್ದವು. ಅಲಾಯ್ ವೀಲ್ ಹೊಳೆಯಲಿ ಅಂತ ಬಳಸುವ ಆ್ಯಸಿಡ್ಡಿನ ಕೆಲಸ ಅದು. "ಉಣ್ಣಾಕ ಕುಂತ್ರ ಚಟ್ನಿ ಖಾರ ಹತ್ತಿ ಬೆರಳು ಉರಿತಾವ್ರಿ ಅಣ್ಣಾ" ಅಂದ. ಪರಿಸರ ಅಂದಕೂಡಲೇ ನಾವು ಕೆರೆ, ಮರ, ಹಕ್ಕಿ ಅನ್ನುತ್ತೇವೆ. ಆ ಕೆಮಿಕಲ್ಲು ಕೆರೆಗೆ ಹೋಗುವ ಮುಂಚೆ ಈ ಕೈಗಳ ಮೇಲೆ ಹರಿಯುತ್ತದೆ. ಆ್ಯಸಿಡ್ ಕ್ಯಾನನ್ನು ಭಾವ ಆವತ್ತೇ ನಿಲ್ಲಿಸಿದರು. ಈಗ ಹುಡುಗರಿಗೆ ಗ್ಲೌಸು, ಗಂಬೂಟು ಇದೆ. ಚಕ್ರಕ್ಕೆ ಬ್ರಷ್ಷು ಮತ್ತು ಮಾಮೂಲಿ ಸೋಪು ಸಾಕಾಗುತ್ತಿದೆ, ಸ್ವಲ್ಪ ಜಾಸ್ತಿ ಉಜ್ಜಬೇಕು ಅಷ್ಟೇ.

ನೀರಿನ ಮರುಬಳಕೆಗೆ ದೊಡ್ಡ ಮಿಷನ್ನಿನ ಕೊಟೇಶನ್ ತರಿಸಿದ್ದರು. ಅದು ನಮ್ಮಂಥವರಿಗೆ ಆಗುವ ಮಾತಲ್ಲ. ಮೂರನೇ ಗುಂಡಿಯ ನೀರನ್ನು ಸೆಕೆಂಡ್ ಹ್ಯಾಂಡ್ ಮರಳು ಫಿಲ್ಟರಿಗೂ ಕಾರ್ಬನ್ ಫಿಲ್ಟರಿಗೂ ಹಾಯಿಸಿ ಸಿಂಟೆಕ್ಸ್ ಟ್ಯಾಂಕಿಗೆ ಏರಿಸುವ ಹಾಗೆ ಮಾಡಿದೆವು. ವಾಸನೆ ಬರದಿರಲಿ ಎಂದು ಗುಂಡಿಗೆ ಗಾಳಿ ಊದುವ ಒಂದು ಸಣ್ಣ ಬ್ಲೋವರ್. ಆ ನೀರು ಚಾಸಿಸ್ಸಿಗೆ, ಚಕ್ರಕ್ಕೆ, ಮೊದಲ ಸಲ ಕೆಸರು ಬಿಡಿಸಲು ಮಾತ್ರ. ಕೊನೆಯ ನೀರು ಹೊಸದೇ ಆಗಬೇಕು. ತಿರುತಿರುಗಿ ಬಳಸಿದ ನೀರಿನಲ್ಲಿ ಉಪ್ಪು ಸೇರುತ್ತಾ ಹೋಗಿ ಬಣ್ಣದ ಮೇಲೆ ಬಿಳಿ ಕಲೆ ಬೀಳುತ್ತದೆ. ಅದಕ್ಕೇ ಆಗಾಗ ಒಂದಷ್ಟು ನೀರನ್ನು ಒಳಚರಂಡಿ ಲೈನಿಗೆ ಬಿಟ್ಟು ಹೊಸ ನೀರು ಸೇರಿಸುತ್ತೇವೆ. ಈಗ ನೀರು ಹಾಕುವ ಮೊದಲೇ ಮಡ್‌ಗಾರ್ಡ್ ಒಳಗಿನ ಒಣ ಮಣ್ಣನ್ನು ಕೆರೆದು ತೆಗೆಯುತ್ತಾರೆ. ಅಷ್ಟರಿಂದಲೇ ನೀರಿನ ಪ್ರೆಶರ್ ಗನ್ ಹಿಡಿಯುವ ಹೊತ್ತು ಎಷ್ಟೋ ಉಳಿಯುತ್ತದೆ.

ಮನೆ ಮುಂದೆ ಪೈಪು ಹಿಡಿದು ಕಾರು ತೊಳೆಯುವವರಿಗೆ ನಾನು ಹೇಳುವುದು ಇಷ್ಟೇ. ಮಾಮೂಲಿ ಪೈಪಿನಲ್ಲಿ ನಿಮಿಷಕ್ಕೆ ಸುಮಾರು 15 ಲೀಟರ್ ನೀರು ಹೋಗುತ್ತದೆ. ಪ್ರೆಶರ್ ಗನ್ನಿನಲ್ಲಿ 8–10 ಲೀಟರ್. ಅದಕ್ಕಿಂತ ದೊಡ್ಡ ವಿಷಯ, ಮನೆ ಮುಂದೆ ಗುಂಡಿ ಇಲ್ಲ, ಫಿಲ್ಟರ್ ಇಲ್ಲ. ಸುಮಾರು 100 ಕಿಲೋಮೀಟರ್ ದೂರದಿಂದ ಪಂಪು ಮಾಡಿ ತಂದ ಕಾವೇರಿ ನೀರು ಸೋಪು, ಎಣ್ಣೆ, ಬ್ರೇಕಿನ ಪುಡಿ ಎಲ್ಲವನ್ನೂ ಎತ್ತಿಕೊಂಡು ನೇರ ಮೋರಿಗೆ. ಒದ್ದೆ ಬಟ್ಟೆಯಲ್ಲಿ ಒರೆಸಿಕೊಳ್ಳಿ, ಇಲ್ಲವೇ ನೀರು ಹಿಡಿದಿಟ್ಟುಕೊಳ್ಳುವ ಅಂಗಡಿಗೆ ಹೋಗಿ. ಹೋದಾಗ, "ತೊಳೆದ ನೀರು ಎಲ್ಲಿಗೆ ಹೋಗುತ್ತೆ?" ಅಂತ ಒಂದು ಮಾತು ಕೇಳಿ. ಗಿರಾಕಿ ಕೇಳಿದರೆ ಗುಂಡಿ ಸ್ವಚ್ಛ ಆಗುತ್ತದೆ.

ಇನ್ನೂ ಕಷ್ಟ ಇರುವುದು ಹೂಳಿನದು. ಎಣ್ಣೆ ಹಿಡಿದ ಆ ಕರಿ ಮಣ್ಣನ್ನು ಎಲ್ಲಂದರಲ್ಲಿ ಸುರಿಯುವಂತಿಲ್ಲ. ಹಳೇ ಆಯಿಲ್ ಕೊಳ್ಳುವವರು ಸಿಗುತ್ತಾರೆ, ಹೂಳು ಅಂದರೆ ಹಿಂದೆ ಸರಿಯುತ್ತಾರೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಪರವಾನಗಿ ಇರುವವರು ಸಣ್ಣ ಅಂಗಡಿಯ ಎರಡು ಡ್ರಮ್ಮಿಗೋಸ್ಕರ ಗಾಡಿ ಕಳಿಸುವುದಿಲ್ಲ. ಅದಕ್ಕೆ ಭಾವ ಆ ರಸ್ತೆಯ ಬೇರೆ ವಾಟರ್ ವಾಶ್‌ನವರನ್ನೂ ಗ್ಯಾರೇಜಿನವರನ್ನೂ ಮಾತಾಡಿಸುತ್ತಿದ್ದಾರೆ, ಎಲ್ಲರ ಡ್ರಮ್ಮು ಸೇರಿಸಿ ಒಂದೇ ಲೋಡು ಕಳಿಸೋಣ ಅಂತ. ಇಬ್ಬರು ಒಪ್ಪಿದ್ದಾರೆ. ಉಳಿದವರು ಯೋಚನೆ ಮಾಡಿ ಹೇಳುತ್ತೇವೆ ಅಂದಿದ್ದಾರೆ. ಅವರಿಗೆ ತೋರಿಸಲು ಬಾಟಲಿ ಪರೀಕ್ಷೆಯನ್ನು ಮತ್ತೆ ಮಾಡಬೇಕು, ಮುಂದಿನ ರಜೆ ದಿನ ಬಾ ಅಂತ ಭಾವ ಹೇಳಿದ್ದಾರೆ.