ಕೆನ್ನೆಯ ಮೇಲಿನ ಸೀಲು

ಶೀತಲ ಸಮರ ಮುಗಿದಿದ್ದು ಯಾಕೆ ಅಂತ ಯಾರಾದರೂ ಕೇಳಿದರೆ ನನ್ನ ಹತ್ತಿರ ಒಂದೇ ಉತ್ತರ ಇತ್ತು. ಅಮೆರಿಕದ ಜೊತೆ ಶಸ್ತ್ರಾಸ್ತ್ರ ಪೈಪೋಟಿಗೆ ಬಿದ್ದು ಸೋವಿಯತ್ ಒಕ್ಕೂಟ ದಿವಾಳಿ ಎದ್ದಿತು, ಅಷ್ಟೇ. ಪರೀಕ್ಷೆಯಲ್ಲೂ ಅದನ್ನೇ ಬರೆದಿದ್ದೆ.

ಬರ್ಲಿನ್‌ಗೆ ಕೆಲಸಕ್ಕೆ ಬಂದ ಮೇಲೆ ಒಂದು ಏಪ್ರಿಲ್ ಭಾನುವಾರ, ನಮ್ಮ ಕೆಳಗಿನ ಮನೆಯ ಅಜ್ಜಿ "ಚೆರ್ರಿ ಹೂ ಬಿಟ್ಟಿದೆ, ಬಾ" ಅಂತ ಬೋರ್ನ್‌ಹೋಲ್ಮರ್ ರಸ್ತೆಯ ಸೇತುವೆ ಹತ್ತಿರ ಕರೆದುಕೊಂಡು ಹೋದರು. ಊರನ್ನು ಪೂರ್ವ, ಪಶ್ಚಿಮ ಅಂತ ಸೀಳಿದ್ದ ಹಳೇ ಬರ್ಲಿನ್ ಗೋಡೆಯ ಒಂದು ತುಂಡು ಅಲ್ಲಿ ಇನ್ನೂ ನಿಂತಿದೆ. ಅಜ್ಜಿ ಬ್ಯಾಗಿನಿಂದ ನೀಲಿ ಬಣ್ಣದ ಪುಟ್ಟ ಪುಸ್ತಕ ತೆಗೆದರು. ಪೂರ್ವ ಜರ್ಮನಿಯ ಗುರುತಿನ ಚೀಟಿ. ಒಳಗೆ ಅವರ ಹರೆಯದ ಕಾಲದ ಫೋಟೊ, ಕೆನ್ನೆಯ ಮೇಲೇ ಒಂದು ಸೀಲು.

1989ರ ನವೆಂಬರ್ 9. ಸಂಜೆ ಟಿವಿಯಲ್ಲಿ ಪೂರ್ವ ಜರ್ಮನಿಯನ್ನು ಆಳುತ್ತಿದ್ದ ಕಮ್ಯುನಿಸ್ಟ್ ಪಕ್ಷದ ನಾಯಕರಲ್ಲೊಬ್ಬರಾದ ಗುಂಟರ್ ಶಬೋವ್‌ಸ್ಕಿ ಗಡಿ ದಾಟುವ ಹೊಸ ನಿಯಮ ಓದಿದರು, ಯಾವಾಗಿನಿಂದ ಅಂತ ಕೇಳಿದ್ದಕ್ಕೆ ಕಾಗದ ತಿರುವಿಹಾಕಿ ಈಗಿನಿಂದಲೇ ಅಂದುಬಿಟ್ಟರು. ಜನ ಈ ಸೇತುವೆಗೆ ನುಗ್ಗಿದರು. ಗೇಟಿನಲ್ಲಿದ್ದ ಅಧಿಕಾರಿ ಹರಾಲ್ಡ್ ಯೇಗರ್‌ಗೆ ಮೇಲಿನಿಂದ ಬಂದ ಆದೇಶ: ಜಾಸ್ತಿ ಕೂಗಾಡುವವರನ್ನು ಮಾತ್ರ ಬಿಡಿ, ಫೋಟೊ ಮೇಲೆ ಸೀಲು ಒತ್ತಿ. ಅಂದರೆ ಅವರು ವಾಪಸ್ ಬರುವ ಹಾಗಿಲ್ಲ. ಅಜ್ಜಿಗೆ ಅದು ಗೊತ್ತೇ ಇರಲಿಲ್ಲ. ಮಗುವನ್ನು ಗಂಡನ ಹತ್ತಿರ ಬಿಟ್ಟು ಬಂದಿದ್ದರು. ಆ ಕಡೆ ಹತ್ತು ನಿಮಿಷ ಸುಮ್ನೆ ನಿಂತು ತಿರುಗಿ ಬಂದರೆ ಒಳಗೆ ಬಿಡಲಿಲ್ಲ. ಅತ್ತೇಬಿಟ್ಟರಂತೆ. ಕೊನೆಗೆ ಬಿಟ್ಟರು. ರಾತ್ರಿ ಹನ್ನೊಂದೂವರೆ ಸುಮಾರಿಗೆ, ಆದೇಶ ಇಲ್ಲದೆಯೇ, ಯೇಗರ್ ಗೇಟನ್ನೇ ತೆಗೆಸಿದರು.

"ಗುಂಡು ಹಾರಿಸ್ತಾರೆ ಅಂತ ಹೆದರಿಕೆ ಆಗಲಿಲ್ವಾ?" ಅಂತ ಕೇಳಿದೆ.

"ಒಂದು ತಿಂಗಳ ಹಿಂದೆ ನಮ್ಮ ಪೂರ್ವ ಜರ್ಮನಿಯದೇ ಲೈಪ್‌ಜಿಗ್ ಊರಲ್ಲಿ ಸರ್ಕಾರದ ವಿರುದ್ಧ 70,000 ಜನ ಬೀದಿಗೆ ಇಳಿದಿದ್ರು. ಹಾರಿಸಲಿಲ್ಲ. ಅವತ್ತೇ ಹೆದರಿಕೆ ಹೋಯ್ತು."

ಈ ಮಾತು ನನ್ನನ್ನು ಬಿಡಲೇ ಇಲ್ಲ. 1953ರಲ್ಲಿ ಇದೇ ಊರಿಗೆ, 1956ರಲ್ಲಿ ಹಂಗೇರಿಗೆ, 1968ರಲ್ಲಿ ಪ್ರಾಗ್‌ಗೆ, ಬದಲಾವಣೆ ಕೇಳಿದವರನ್ನು ಅಡಗಿಸಲು ಸೋವಿಯತ್ ಟ್ಯಾಂಕುಗಳು ಬಂದಿದ್ದವು. ಈ ಸಲ ಬರಲಿಲ್ಲ. ಸೋವಿಯತ್ ಒಕ್ಕೂಟಕ್ಕೆ ಆದಾಯ ತರುತ್ತಿದ್ದ ತೈಲದ ಬೆಲೆ 1986ರಲ್ಲಿ ಕುಸಿದಿದ್ದು, ಅಫ್ಘಾನಿಸ್ತಾನದ ಯುದ್ಧದಲ್ಲಿ ಅದು ಕೈ ಸುಟ್ಟುಕೊಂಡಿದ್ದು ಎಲ್ಲಾ ನಿಜ. ಆದರೆ ಕೈ ಖಾಲಿಯಾದ ಸರ್ಕಾರವೂ ಟ್ಯಾಂಕು ಕಳಿಸಬಹುದು, ಅಲ್ವಾ? ಕಳಿಸಬಾರದು ಅಂತ ಸೋವಿಯತ್ ನಾಯಕ ಗೊರ್ಬಚೆವ್ ತೀರ್ಮಾನ ಮಾಡಿದ್ದರು. 1988ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯಲ್ಲಿ ನಿಂತು, ಪ್ರತಿ ದೇಶಕ್ಕೂ ತನ್ನ ದಾರಿ ಆರಿಸಿಕೊಳ್ಳುವ ಹಕ್ಕಿದೆ ಅಂದರು, 5 ಲಕ್ಷ ಸೈನಿಕರನ್ನು ಕಡಿಮೆ ಮಾಡ್ತೀವಿ ಅಂತಲೂ ಹೇಳಿದರು. ಆ ತೀರ್ಮಾನ ಇಲ್ಲದಿದ್ದರೆ ಈ ಸೇತುವೆ ಮೇಲೆ ಅವತ್ತು ಏನಾಗುತ್ತಿತ್ತೋ, ನೆನೆಸಿಕೊಂಡರೆ ಮೈ ಜುಮ್ ಅನ್ನುತ್ತದೆ.

ಮಗು ಏನು ಮಾಡ್ತಿತ್ತು ಅಂತ ಕೇಳಿದೆ. ಅಜ್ಜಿ ಮನೆ ಸೇರಿದಾಗ ಅದಕ್ಕಿನ್ನೂ ಗಾಢ ನಿದ್ದೆಯಂತೆ.