ಬಿಲ್ಲು ಹರಿಯುವ ಮುಂಚೆ ಡಬ್ಬಿ ತಿರುವಿ ತೋರಿಸಿ

ಬೆಳಗಾವಿಯ ಖಡೇ ಬಜಾರ್ ಹತ್ತಿರದ ವಿಡಿಯೊ ಗೇಮ್ ಅಂಗಡಿಯೊಂದರ ಕೌಂಟರ್‌ನಲ್ಲಿ ನನ್ನ ಕೆಲಸ. ಹೊಸ ಡಿಸ್ಕ್ ಮಾರುತ್ತೇವೆ, ಹಳೇದು ಎಕ್ಸ್‌ಚೇಂಜ್ ಮಾಡಿಕೊಳ್ಳುತ್ತೇವೆ. ಇಲ್ಲಿ ನಿಂತು ಕಲಿತದ್ದೆಂದರೆ, ಗಿರಾಕಿಗೆ ಡಿಸ್ಕಿನ ರೇಟು ಹೇಳಿದರೆ ಅರ್ಧ ಹೇಳಿದ ಹಾಗೆ. ಮನೆಗೆ ಒಯ್ದ ಮೇಲೆ ಆಟ ಇನ್ನೇನು ಕೇಳುತ್ತದೆ ಅನ್ನುವುದನ್ನೂ ಹೇಳಬೇಕು.

ಬೈಲಹೊಂಗಲದ ಗಿರಾಕಿಯೊಬ್ಬರು ಮಗನಿಗೆಂದು ಫುಟ್‌ಬಾಲ್ ಆಟ ಒಯ್ದಿದ್ದರು. ಕೆಲವು ದಿನ ಬಿಟ್ಟು ಬಂದು, ಬ್ಯಾಂಕಿನ ಮೆಸೇಜು ತೆರೆದು ಮೊಬೈಲನ್ನು ನನ್ನ ಮುಂದಿಟ್ಟರು. "ಪೂರಾ ರೊಕ್ಕ ಎಣಿಸಿ ಕೊಟ್ಟೇನ್ರಿ. ಮತ್ಯಾಕ ಕಟ್ ಆಗಾಕತ್ತೈತಿ? ಖಾನಾವಳ್ಯಾಗ ಊಟದ ರೊಕ್ಕ ತಗೊಂಡು ಶೇಂಗಾ ಚಟ್ನಿಗೆ ಬ್ಯಾರೆ ಬಿಲ್ಲ ಹಾಕಿದಂಗ ಆತಲ್ಲ!"

ಮಗ ಅಪ್ಪನ ಕಾರ್ಡಿನಲ್ಲಿ ಆಟದೊಳಗೇ ಮಾರುವ ಆಟಗಾರರ ಪ್ಯಾಕ್ ಕೊಂಡಿದ್ದ. ಪ್ಯಾಕಿನೊಳಗೆ ಯಾವ ಆಟಗಾರ ಬರುತ್ತಾನೆ ಅಂತ ತೆರೆಯುವ ತನಕ ಗೊತ್ತಾಗುವುದಿಲ್ಲ. ಹಾಗೆ ಕೂಡಿಸಿದ ತಂಡ ಮುಂದಿನ ವರ್ಷದ ಆಟಕ್ಕೆ ಬರುವುದೂ ಇಲ್ಲ. ಇದನ್ನು ಕೇಳಿದ ಮೇಲೆ ಅವರ ಸಿಟ್ಟು ಇನ್ನೂ ಏರಿತು, ನ್ಯಾಯವಾಗಿಯೇ.

ಆಟ ಮಾರಿದ ಮೇಲೂ ರೊಕ್ಕ ಕೇಳುವ ಈ ಚಾಳಿ ಹೊಸದಲ್ಲ. 2006ರಲ್ಲಿ 'ಆಬ್ಲಿವಿಯನ್' ಆಟದಲ್ಲಿ ಕುದುರೆಯ ಕವಚಕ್ಕೆ ಎರಡೂವರೆ ಡಾಲರ್ ಇಟ್ಟಾಗ ಜನ ನಕ್ಕಿದ್ದರು. 2010ರಲ್ಲಿ ಆಟ ತಯಾರಿಸುವ ಇಎ ಕಂಪನಿ 'ಆನ್‌ಲೈನ್ ಪಾಸ್' ತಂದಿತು. ಹೊಸ ಡಬ್ಬಿಯಲ್ಲಿ ಒಂದೇ ಸಲ ನಡೆಯುವ ಕೋಡ್, ಸೆಕೆಂಡ್ ಹ್ಯಾಂಡ್ ಕೊಂಡವನು ಆನ್‌ಲೈನ್ ಆಡಲು ಬೇರೆ ರೊಕ್ಕ ಕಟ್ಟಬೇಕು. ನಮ್ಮಂಥ ಅಂಗಡಿಗಳ ಹೊಟ್ಟೆಯ ಮೇಲೇ ಹೊಡೆತ ಅದು, 2013ರಲ್ಲಿ ಕೈಬಿಟ್ಟರು. 2017ರ 'ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2' ಗದ್ದಲ ಬಹಳ ಮಂದಿಗೆ ನೆನಪಿದ್ದೀತು. ಪೂರ್ತಿ ಬೆಲೆಯ ಆಟ, ಆದರೂ ಲೂಟ್ ಬಾಕ್ಸ್‌ನಿಂದ, ಅಂದರೆ ತೆರೆಯುವ ತನಕ ಒಳಗೇನಿದೆ ಅಂತ ಗೊತ್ತಾಗದ ಪೆಟ್ಟಿಗೆಯಿಂದ, ಆಡುವವನ ಬಲವೇ ಹೆಚ್ಚುತ್ತಿತ್ತು. ಬೈಗುಳ ತಾಳಲಾರದೆ ಬಿಡುಗಡೆಯ ಹೊತ್ತಿಗೇ ಅದರೊಳಗಿನ ಖರೀದಿ ನಿಲ್ಲಿಸಿದರು. ಮರುವರ್ಷ ಬೆಲ್ಜಿಯಂ ಇಂಥ ಪೆಟ್ಟಿಗೆಗಳನ್ನು ಜೂಜಿನ ಕಾನೂನಿನಡಿ ತಂದಿತು. 2019ರ ಜನವರಿಯಿಂದ ಅಲ್ಲಿ ಫುಟ್‌ಬಾಲ್ ಆಟದ ಪ್ಯಾಕ್ ಕೊಳ್ಳಲು ಬಳಸುವ ಫಿಫಾ ಪಾಯಿಂಟ್ಸ್ ಮಾರಾಟ ಬಂದ್.

ಟಿವಿಯಲ್ಲಿ ಆಡುವ ಆಟದ ಜೊತೆಗೆ ಬರುವ ಮೊಬೈಲ್ ಆ್ಯಪ್‌ಗಳದು ಇನ್ನೊಂದು ತರಹ. 2014ರ 'ಅಸ್ಸಾಸಿನ್ಸ್ ಕ್ರೀಡ್ ಯೂನಿಟಿ'ಯಲ್ಲಿ ಪ್ಯಾರಿಸ್ಸಿನ ಮಾಳಿಗೆ ಹತ್ತಿ ಪೆಟ್ಟಿಗೆಯ ಹತ್ತಿರ ಹೋದರೆ, ತೆಗೆಯಲು ಫೋನಿನ ಆ್ಯಪ್‌ನಲ್ಲಿ ಬೇರೆ ಆಡಿಕೊಂಡು ಬಾ ಅನ್ನುತ್ತಿತ್ತು. ಆಮೇಲೆ ಅಪ್‌ಡೇಟ್ ಕೊಟ್ಟು ತೆಗೆದರು. ಆ್ಯಪ್ ಎಲ್ಲವೂ ಕೆಟ್ಟದ್ದೇ ಅನ್ನಲಾರೆ; ಫುಟ್‌ಬಾಲ್ ಆಟದ ಆ್ಯಪ್‌ನಲ್ಲಿ ಆಟಗಾರರನ್ನು ಕೊಂಡು ಮಾರುವುದು ಸಲೀಸು. ಆದರೆ ಪ್ಯಾಕ್ ತೆಗೆಯುವುದೂ ಅದರಲ್ಲೇ ಇದೆ, ಅಂದರೆ ಟಿವಿ ಬಂದ್ ಮಾಡಿದರೂ ಹುಡುಗನ ಕಿಸೆಯಲ್ಲಿ ಅಂಗಡಿ ತೆರೆದೇ ಇರುತ್ತದೆ.

ಈಗ ನಾನು ಡಬ್ಬಿಯನ್ನು ತಿರುವಿ ಹಿಂದಿನ ಚಿಹ್ನೆಗಳನ್ನು ತೋರಿಸುತ್ತೇನೆ. ಕೈಯಲ್ಲಿ ಕಾರ್ಡ್ ಹಿಡಿದ ಚಿತ್ರ ಇದ್ದರೆ ಒಳಗೆ ಖರೀದಿ ಇದೆ ಅಂತ ಅರ್ಥ. ಯಾವ ಆಟ ಯಾವ ವಯಸ್ಸಿನವರಿಗೆ ಅಂತ ಹೇಳುವ ಯುರೋಪಿನ 'ಪೆಗಿ' ವ್ಯವಸ್ಥೆಯ ಗುರುತು ಅದು. ಪ್ಲೇಸ್ಟೇಷನ್ ಆದರೆ ಮಕ್ಕಳ ಖಾತೆ ಬೇರೆ ಮಾಡಿ ತಿಂಗಳ ಖರ್ಚಿನ ಮಿತಿ ಹಾಕಿ, ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಇಡಿ ಅನ್ನುತ್ತೇನೆ. ಬೈಲಹೊಂಗಲದವರಿಗೆ ಇದನ್ನು ಡೆಮೊ ಟಿವಿಯಲ್ಲೇ ಮಾಡಿ ತೋರಿಸಿದೆ.

"ಗಿರಾಕೀನ ಓಡಸ್ತಿಯೇನೋ ತಮ್ಮಾ" ಅಂತ ಮಾಲೀಕರು ಮೊದಮೊದಲು ಗೊಣಗುತ್ತಿದ್ದರು. ಡಬ್ಬಿ ಕೆಳಗಿಟ್ಟು ಹೋಗುವವರು ಇದ್ದಾರೆ, ಸುಳ್ಳಲ್ಲ. ಹಲವರು ಮಾತ್ರ ಅಲ್ಲೇ ನಿಂತು, ಒಬ್ಬರೇ ಆಡಿ ಮುಗಿಸುವಂಥ ಕಥೆಯ ಆಟದ ಹಳೆ ಡಿಸ್ಕ್ ಕೇಳುತ್ತಾರೆ. ಹೊಸದಕ್ಕಿಂತ ಹಳೆ ಡಿಸ್ಕಿನಲ್ಲಿ ಅಂಗಡಿಗೆ ಉಳಿಯುವುದು ಜಾಸ್ತಿ. ಈಗ ಮಾಲೀಕರೂ ಡಬ್ಬಿ ತಿರುವುತ್ತಾರೆ.